ತಾನು ಬರೆದದ್ದನ್ನು ತಾನೇ ಓದಲಾರದವನು

1887ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ವರ್ತಕನೊಬ್ಬನಿಗೆ ಇದ್ದಕ್ಕಿದ್ದಂತೆ ಓದು ಮರೆತುಹೋಯಿತು. ಕಣ್ಣಿನ ದೋಷವಿರಬೇಕೆಂದು ಅವನು ಮೊದಲು ಕಣ್ಣಿನ ವೈದ್ಯರ ಬಳಿಗೇ ಹೋದ. ಎದುರಿಗಿದ್ದವರ ಮುಖ ಗುರುತಿಸುತ್ತಿದ್ದ, ಸಾಮಾನುಗಳ ಹೆಸರು ಹೇಳುತ್ತಿದ್ದ, ಅಂಕಿ ಓದಿ ಲೆಕ್ಕವನ್ನೂ ಮಾಡುತ್ತಿದ್ದ. ಅಕ್ಷರಗಳೂ ಕಾಣುತ್ತಿದ್ದವು, ಚಿತ್ರ ಬಿಡಿಸುವಂತೆ ಅವನ್ನು ನೋಡಿಕೊಂಡು ನಕಲು ಮಾಡುತ್ತಿದ್ದ. ಯಾವ ಅಕ್ಷರವೆಂದು ಮಾತ್ರ ಹೇಳಲಾರ. ಇನ್ನೂ ವಿಚಿತ್ರವೆಂದರೆ, ಯಾರಾದರೂ ಬಾಯಲ್ಲಿ ಹೇಳಿದರೆ ಸರಾಗವಾಗಿ ಬರೆಯುತ್ತಿದ್ದ. ಅದೇ ಹಾಳೆಯನ್ನು ತುಸು ಹೊತ್ತಿನ ಮೇಲೆ ಮುಂದಿಟ್ಟರೆ ಅವನಿಗೇ ಅದು ಬರೀ ಗೀಚು. ಬೆರಳಿನಿಂದ ಗೆರೆಯ ಮೇಲೆ ತಿದ್ದಿದರೆ, ಕೈಯ ಚಲನೆಯಿಂದ, ಅಕ್ಷರ ಹೊಳೆಯುತ್ತಿತ್ತು. ನರವೈದ್ಯ ಜೂಲ್ ದೆಜೆರಿನ್ ಅವನನ್ನು ಪರೀಕ್ಷಿಸಿ ದಾಖಲಿಸಿದರು. 1892ರಲ್ಲಿ ಅವನು ತೀರಿಕೊಂಡ ಮೇಲೆ ಮಿದುಳನ್ನು ತೆರೆದು ನೋಡಿದಾಗ ಎಡ ಅರೆಗೋಳದ ಹಿಂಭಾಗದಲ್ಲಿ ಹಳೆಯ ಗಾಯವಿತ್ತು. ನೋಟದ ಸುದ್ದಿ ಭಾಷೆಯ ಭಾಗಗಳನ್ನು ಮುಟ್ಟುವ ದಾರಿ ಕಡಿದುಹೋಗಿದೆಯೆಂದು ದೆಜೆರಿನ್ ವಿವರಿಸಿದರು.

ಮಿದುಳಿನಿಂದ ನೋಟ, ಅರಿವು, ಅರ್ಥ ಹೇಗೆ ಹುಟ್ಟುತ್ತವೆ ಎಂಬುದನ್ನು ನಾವು ಒಂದೇ ಪ್ರಶ್ನೆಯೆಂಬಂತೆ ಕೇಳುತ್ತೇವೆ. ಅನುಭವದಲ್ಲಿ ಮೂರೂ ಒಟ್ಟಿಗೇ ಬರುವುದರಿಂದ ಅದು ಸಹಜವೇ. ಪುಸ್ತಕ ತೆರೆದಾಗ ಮೊದಲು ಗೆರೆ ಕಂಡಿತು, ಆಮೇಲೆ ಕಂಡದ್ದು ಅರಿವಿಗೆ ಬಂತು, ಕೊನೆಗೆ ಅರ್ಥವಾಯಿತು ಎಂದು ಯಾರಿಗೂ ಅನ್ನಿಸುವುದಿಲ್ಲ. ಗಾಯಗೊಂಡ ಮಿದುಳುಗಳು ಮಾತ್ರ ಈ ಗಂಟನ್ನು ಬಿಚ್ಚಿ ತೋರಿಸುತ್ತವೆ. ಒಂದರ ಬಗ್ಗೆ ಸಿಕ್ಕ ಉತ್ತರ ಇನ್ನೊಂದಕ್ಕೆ ಸಲ್ಲಬೇಕೆಂದಿಲ್ಲ. ಅದರಲ್ಲೂ ಅರ್ಥವನ್ನು ತಲೆಬುರುಡೆಯೊಳಗೆ ಮಾತ್ರ ಹುಡುಕಿದರೆ ಸಿಗುವುದಿಲ್ಲವೆಂದು ನನಗನ್ನಿಸುತ್ತದೆ.

ಮೂರರಲ್ಲಿ ನೋಟವೇ ಹೆಚ್ಚು ಕೈಗೆ ಸಿಕ್ಕಿರುವುದು. ಕಣ್ಣು ಕ್ಯಾಮೆರಾ, ಮಿದುಳು ಅದರ ಪರದೆ ಎಂಬ ಶಾಲೆಯ ಪಾಠವನ್ನು ಮರೆತರೇ ಮೇಲು. ಅಕ್ಷಿಪಟಲದಲ್ಲಿ ಬೆಳಕು ಹಿಡಿಯುವ ಕೋಶಗಳು ಸುಮಾರು 12 ಕೋಟಿ. ಅಲ್ಲಿಂದ ಮಿದುಳಿಗೆ ಹೊರಡುವ ನರತಂತುಗಳು 10 ಲಕ್ಷದ ಆಸುಪಾಸು. ಆ ನರ ಹೊರಡುವ ಜಾಗದಲ್ಲಿ ಕೋಶಗಳೇ ಇಲ್ಲ, ಆದರೂ ಎದುರಿನ ಗೋಡೆಯಲ್ಲಿ ತೂತು ಕಾಣುವುದಿಲ್ಲ. ಕಣ್ಣು ಸೆಕೆಂಡಿಗೆ ಸುಮಾರು ಮೂರು ಬಾರಿ ಜಿಗಿಯುತ್ತದೆ, ಲೋಕ ಅಲುಗುವುದಿಲ್ಲ. (ಕನ್ನಡಿಯ ಮುಂದೆ ನಿಂತು ನಿಮ್ಮ ಒಂದು ಕಣ್ಣಿನಿಂದ ಇನ್ನೊಂದಕ್ಕೆ ದೃಷ್ಟಿ ಹೊರಳಿಸಿ ನೋಡಿ. ಕಣ್ಣು ಚಲಿಸಿದ್ದು ಪಕ್ಕದವರಿಗೆ ಕಾಣುತ್ತದೆ, ನಿಮಗೆ ಕಾಣುವುದಿಲ್ಲ.) ಮಿದುಳು ಹಿಂದಿನ ಅನುಭವದ ಬಲದ ಮೇಲೆ ಊಹಿಸುತ್ತದೆ, ಕಣ್ಣಿನಿಂದ ಬಂದ ಸುದ್ದಿಯಿಂದ ಆ ಊಹೆಯನ್ನು ತಿದ್ದಿಕೊಳ್ಳುತ್ತದೆ. 19ನೇ ಶತಮಾನದಲ್ಲೇ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಇದನ್ನು ನಮಗೆ ಗೊತ್ತಾಗದೆ ನಡೆಯುವ ತರ್ಕವೆಂದು ಗುರುತಿಸಿದ್ದರು. ಆ ಅನುಭವವೇ ಇಲ್ಲದಿದ್ದರೆ? ನರವಿಜ್ಞಾನಿ ಪವನ್ ಸಿನ್ಹಾ ಅವರ ತಂಡ ಭಾರತದಲ್ಲಿ, ಹುಟ್ಟಿನಿಂದ ಕಣ್ಣು ಕಾಣದೆ ಎಷ್ಟೋ ವರ್ಷಗಳ ನಂತರ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಪಡೆದ ಐವರು ಮಕ್ಕಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಮಾಡಿತು. ಆಗತಾನೇ ಮುಟ್ಟಿ ತಿಳಿದ ವಸ್ತು ಯಾವುದೆಂದು ಆ ಮಕ್ಕಳು ಮೊದಲಿಗೆ ನೋಡಿ ಹೇಳಲಾರದೆ ಹೋದರು. ಕೆಲವೇ ದಿನಗಳಲ್ಲಿ ಅದು ಕೈಗೂಡತೊಡಗಿತು.

ಹೀಗೆ ಊಹಿಸಿ ತಿದ್ದುವ ಕೆಲಸವನ್ನು ಯಂತ್ರವೂ ಮಾಡಬಲ್ಲದು. ಕಂಡೆನೆಂಬ ಅರಿವು ಅದರ ಜೊತೆಗೆ ಬರಲೇಬೇಕೇ? ಬರಬೇಕಿಲ್ಲವೆಂಬುದಕ್ಕೆ ಡಿ.ಬಿ. ಎಂಬ ಬ್ರಿಟಿಷ್ ರೋಗಿ ಸಾಕ್ಷಿ. ಅವನ ಬಲ ಮಿದುಳಿನ ಹಿಂತುದಿಯಲ್ಲಿರುವ ನೋಟದ ಭಾಗವನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಬೇಕಾಯಿತು. ಅಲ್ಲಿಂದಾಚೆಗೆ ಎಡಬದಿಯಲ್ಲಿ ತನಗೇನೂ ಕಾಣದೆಂದು ಅವನು ಹೇಳುತ್ತಿದ್ದ. ಮನೋವಿಜ್ಞಾನಿ ಲಾರೆನ್ಸ್ ವೈಸ್‌ಕ್ರಾಂಟ್ಸ್ ಮತ್ತು ಸಂಗಡಿಗರು ಆ ಬದಿಯಲ್ಲೇ ಬೆಳಕಿನ ಚುಕ್ಕೆ ತೋರಿಸಿ, ಕಾಣದಿದ್ದರೂ ಪರವಾಗಿಲ್ಲ, ಸುಮ್ಮನೆ ಊಹಿಸಿ ಕೈ ತೋರಿಸೆಂದರು. ಅವನ ಕೈ ಸರಿಯಾಗಿ ಚುಕ್ಕೆಯತ್ತಲೇ ಹೋಗುತ್ತಿತ್ತು. ಗೆರೆ ನೆಟ್ಟಗಿದೆಯೋ ಅಡ್ಡಡ್ಡವಿದೆಯೋ ಎಂಬುದನ್ನೂ ಬಹುಪಾಲು ಸರಿಯಾಗಿ ಹೇಳಿದ. ಫಲಿತಾಂಶ ತಿಳಿಸಿದಾಗ ಅವನಿಗೇ ಆಶ್ಚರ್ಯ. 1974ರಲ್ಲಿ ಇದು ಪ್ರಕಟವಾದಾಗಿನಿಂದ ತಕರಾರುಗಳೂ ನಡೆದೇ ಇವೆ. ಅದು ಪೂರ್ತಿ ಅರಿವಿಲ್ಲದ ನೋಟವಲ್ಲ, ಹೇಳಿಕೊಳ್ಳಲಾಗದಷ್ಟು ಮಂದವಾದ ನೋಟ ಎನ್ನುವವರಿದ್ದಾರೆ. ಆ ತಕರಾರನ್ನು ಒಪ್ಪಿಕೊಂಡರೂ, ಮಾಡಬಲ್ಲದ್ದಕ್ಕೂ ಅರಿವಿಗೆ ಬಂದದ್ದಕ್ಕೂ ನಡುವೆ ಇರುವ ಅಂತರ ಮುಚ್ಚಿಹೋಗುವುದಿಲ್ಲ.

ಈಗ ಅರ್ಥಕ್ಕೆ ಬರೋಣ. ಮನುಷ್ಯ ಬರೆಯಲು ತೊಡಗಿ 5,000 ವರ್ಷವಾಗಿರಬಹುದು. ಓದಿಗೆಂದೇ ಒಂದು ಅಂಗ ವಿಕಾಸಗೊಳ್ಳಲು ಅಷ್ಟು ಕಾಲ ಏನೇನೂ ಸಾಲದು. ಮೇಲಾಗಿ ಮೊನ್ನೆಮೊನ್ನೆಯವರೆಗೂ ಬಹುಪಾಲು ಜನಕ್ಕೆ ಓದು ಬರುತ್ತಲೇ ಇರಲಿಲ್ಲ. ಹೀಗಿದ್ದೂ ಓದಬಲ್ಲ ಬಹುತೇಕರಲ್ಲಿ, ಲಿಪಿ ಯಾವುದೇ ಇರಲಿ, ಹೆಚ್ಚುಕಡಿಮೆ ಒಂದೇ ಜಾಗ, ಎಡ ಮಿದುಳಿನ ತಳದ ಒಂದು ಪಟ್ಟಿ, ಅಕ್ಷರಗಳಿಗೆ ಸ್ಪಂದಿಸುತ್ತದೆ. ಮುಖ, ವಸ್ತು, ಆಕಾರಗಳನ್ನು ಗುರುತಿಸಲೆಂದು ಇದ್ದ ಜಾಗವನ್ನೇ ಓದು ಬೇರೆ ಕೆಲಸಕ್ಕೆ ಹಚ್ಚುತ್ತದೆ ಎನ್ನುತ್ತಾರೆ ಫ್ರಾನ್ಸಿನ ನರವಿಜ್ಞಾನಿ ಸ್ಟಾನಿಸ್ಲಾಸ್ ದೆಹೆನ್. ಬ್ರೆಜಿಲ್ ಮತ್ತು ಪೋರ್ಚುಗಲ್‌ನ 63 ವಯಸ್ಕರ ಮಿದುಳನ್ನು ಅವರ ತಂಡ ಪರೀಕ್ಷಿಸಿತು. ಅವರಲ್ಲಿ ಅನಕ್ಷರಸ್ಥರಿದ್ದರು, ಬಾಲ್ಯದಲ್ಲೇ ಶಾಲೆ ಕಲಿತವರಿದ್ದರು, ದೊಡ್ಡವರಾದ ಮೇಲೆ ಅಕ್ಷರ ಕಲಿತವರೂ ಇದ್ದರು. ಓದು ಬಲಿತಷ್ಟೂ ಆ ಜಾಗ ಅಕ್ಷರಕ್ಕೆ ಹೆಚ್ಚು ಸ್ಪಂದಿಸುತ್ತಿತ್ತೆಂದು 2010ರ ಅವರ ವರದಿ ಹೇಳುತ್ತದೆ. ದೊಡ್ಡವರಾದ ಮೇಲೆ ಕಲಿತವರಲ್ಲೂ ಬದಲಾವಣೆ ಕಂಡಿತ್ತು. ಹುಟ್ಟು ಅಂಧರು ಬ್ರೈಲ್ ಲಿಪಿಯನ್ನು ಬೆರಳಲ್ಲಿ ಓದುವಾಗಲೂ ಇದೇ ಜಾಗ ಎಚ್ಚರಗೊಳ್ಳುತ್ತದೆ. ದ, ಧ, ಥಗಳ ನಡುವಿನ ಸೀಳನ್ನೂ ಚುಕ್ಕೆಯನ್ನೂ ನಾವು ಯೋಚಿಸದೆ ಹಿಡಿಯುವುದು ಕಣ್ಣಿನ ಚುರುಕಿನಿಂದಲ್ಲ. ಕನ್ನಡ ಬಾರದವನ ಕಣ್ಣೂ ಅಷ್ಟೇ ಚುರುಕಾಗಿರುತ್ತದೆ.

ಮಿದುಳು ಅರ್ಥವನ್ನು ಹುಟ್ಟಿಸುತ್ತದೆ ಎಂಬ ಮಾತು ಇಲ್ಲಿ ಅರ್ಧ ಸತ್ಯವಾಗಿ ಉಳಿಯುತ್ತದೆ. ಯಾವ ಗೆರೆ ಯಾವ ದನಿಗೆ ಎಂಬುದನ್ನು ನಿರ್ಧರಿಸಿದ್ದು ಯಾರ ಮಿದುಳೂ ಅಲ್ಲ, ಜನರ ನಡುವೆ ತಲೆಮಾರುಗಳಿಂದ ನಡೆದುಬಂದ ಒಪ್ಪಂದ. ಶಾಲೆಯ ಬೆಂಚಿನ ಮೇಲೆ ಆ ಒಪ್ಪಂದವೇ ಮಿದುಳಿನೊಳಗೆ ಇಳಿದು ಅದನ್ನು ತಿದ್ದುತ್ತದೆ. ಆ ಒಪ್ಪಂದ ಕೂಡ ಮಿದುಳುಗಳಲ್ಲೇ ಅಲ್ಲವೇ ಇರುವುದು ಎಂದು ಕೇಳಬಹುದು. ಇರಲಿ. ಪ್ಯಾರಿಸ್ಸಿನ ಆ ವರ್ತಕ ಬರೆದ ಹಾಳೆಯನ್ನೇ ತೆಗೆದುಕೊಳ್ಳಿ. ಮನೆಯವರು ಓದಬಲ್ಲರು, ದೆಜೆರಿನ್ ಓದಬಲ್ಲರು, ಬರೆದವನೊಬ್ಬನಿಗೆ ಅದು ಗೀಚು. ಅವನ ತಲೆಯೊಳಗಿನ ದಾರಿ ಕಡಿದರೂ ಹಾಳೆಯ ಅರ್ಥಕ್ಕೆ ಏನೂ ಆಗಲಿಲ್ಲ. ಎಂದಮೇಲೆ ಅದು ಅವನ ತಲೆಯೊಳಗಿನ ಆಸ್ತಿಯಾಗಿರಲಿಲ್ಲ. ಅವನಿಗೆ ಅದರಲ್ಲಿದ್ದದ್ದು ಪಾಲು.

ಅರಿವಿನ ಪ್ರಶ್ನೆ ಇಷ್ಟು ಸುಲಭಕ್ಕೆ ಜಗ್ಗದು. ಎಲೆ, ಅಡಿಕೆ, ಸುಣ್ಣ ಬಿಡಿಬಿಡಿಯಾಗಿದ್ದಾಗ ಯಾವುದರಲ್ಲೂ ಇಲ್ಲದ ಕೆಂಪು ಮೂರನ್ನೂ ಅಗಿದಾಗ ಬರುವಂತೆ, ಜಡಭೂತಗಳು ಕೂಡಿದಾಗ ಚೈತನ್ಯ ಬರುತ್ತದೆ ಎಂಬ ವಾದ ಚಾರ್ವಾಕರ ಹೆಸರಿನಲ್ಲಿ ಉಳಿದುಬಂದಿದೆ. ಅಡಿಕೆಯ ಒಗರಿನ ಅಂಶ ಸುಣ್ಣದ ಕ್ಷಾರದಲ್ಲಿ ಬದಲಾಗುತ್ತದೆಂದು ತಿಳಿದಮೇಲೆ ಕೆಂಪಿನ ಬಗ್ಗೆ ಕೇಳಲು ಏನೂ ಉಳಿಯುವುದಿಲ್ಲ. ಆದರೆ ಮಿದುಳಿನ ಯಾವ ಕೋಶ ಯಾವಾಗ ಮಿಡಿಯಿತೆಂಬ ಪೂರ್ತಿ ಲೆಕ್ಕ ಕೊಟ್ಟರೂ, ಇದೆಲ್ಲ ಒಳಗಿನಿಂದ ಯಾಕೆ ಹೀಗೆ ಅನ್ನಿಸಬೇಕು ಎಂಬ ಪ್ರಶ್ನೆ ಉಳಿಯುತ್ತದೆನ್ನುತ್ತಾರೆ ತತ್ತ್ವಜ್ಞಾನಿ ಡೇವಿಡ್ ಚಾಮರ್ಸ್. ಅರಿವಿಗೆ ಕಾರಣವಾದ ನರಗಳ ಗುರುತು 25 ವರ್ಷಗಳಲ್ಲಿ ಸಿಗುತ್ತದೆಂದು 1998ರಲ್ಲಿ ಅವರೊಡನೆ ಬಾಜಿ ಕಟ್ಟಿದ್ದ ನರವಿಜ್ಞಾನಿ ಕ್ರಿಸ್ಟಾಫ್ ಕಾಕ್ 2023ರಲ್ಲಿ ಸೋಲೊಪ್ಪಿ ವೈನ್ ಬಾಟಲಿಗಳನ್ನು ಕೊಟ್ಟರು. ಈ ಸೋಲು ಚಾರ್ವಾಕರ ಸೋಲೆಂದು ನನಗನ್ನಿಸುವುದಿಲ್ಲ. ಗಡುವು ಮೀರಿತು, ಅಷ್ಟೆ. ಆದರೆ ಉತ್ತರ ಬರುವುದಿದ್ದರೆ ಅರಿವೆಂದರೇನು ಎಂದು ಇಡಿಯಾಗಿ ಕೇಳುವುದರಿಂದಲ್ಲ, ಡಿ.ಬಿ.ಯಂಥವರಿಂದ ಬರಬೇಕು. ಒಂದೇ ತಲೆಯಲ್ಲಿ ಒಂದು ಬದಿಯ ಬೆಳಕು ಅರಿವಿಗೆ ಬಂದು ಇನ್ನೊಂದು ಬದಿಯದು ಬಾರದಿರುವಾಗ, ಎರಡರ ನಡುವಿನ ವ್ಯತ್ಯಾಸವನ್ನು ಅಳೆದು ನೋಡಲು ಬರುತ್ತದೆ.