ಮುದ್ರೆ ನಿಜ, ಓಲೆ ಸುಳ್ಳು

ಬೀದರ ನಗರವನ್ನು ನೋಡಲು ಬಂದವರು ಮಹಮೂದ ಗಾವಾನನು 1472ರಲ್ಲಿ ಕಟ್ಟಿಸಿದ ಮದರಸೆಯನ್ನು ನೋಡದೆ ಹಿಂದಿರುಗುವುದಿಲ್ಲ. ಅದರ ಗೋಡೆಗಳ ಮೇಲೆ ಅಳಿದುಳಿದಿರುವ ಬಣ್ಣದ ಹಂಚುಗಳು ಇಂದಿಗೂ ಕಣ್ಸೆಳೆಯುತ್ತವೆ. ಆದರೆ ಆ ಕಟ್ಟಡವನ್ನು ಕಟ್ಟಿಸಿದ ಮಹಾಮಂತ್ರಿಗೆ ಮರಣವು ಹೇಗೆ ಬಂದಿತೆಂಬುದನ್ನು ಬಲ್ಲವರು ವಿರಳ. ಫೆರಿಷ್ತಾ ಎಂಬ ಇತಿಹಾಸಕಾರನು ಬರೆದಿರುವಂತೆ, ಗಾವಾನನ ಏಳಿಗೆಯನ್ನು ಸಹಿಸಲಾರದ ಕೆಲವರು ಅವನ ಮುದ್ರೆಯನ್ನು ಕಾಯುತ್ತಿದ್ದ ಸೇವಕನಿಗೆ ಮದ್ಯ ಕುಡಿಸಿ, ಬರಹವಿಲ್ಲದ ಕಾಗದವೊಂದರ ಮೇಲೆ ಮುದ್ರೆಯನ್ನು ಒತ್ತಿಸಿಕೊಂಡರು. ಆಮೇಲೆ ಅದರಲ್ಲಿ, ಬಹಮನಿ ರಾಜ್ಯದ ಮೇಲೆ ದಂಡೆತ್ತಿ ಬರುವಂತೆ ಒರಿಸ್ಸಾದ ಅರಸನನ್ನು ಕರೆಯುವ ಓಲೆಯನ್ನು ಬರೆದು ಸುಲ್ತಾನನ ಮುಂದಿರಿಸಿದರು. ಮುದ್ರೆ ತನ್ನದೇ, ಬರಹ ಮಾತ್ರ ತನ್ನದಲ್ಲವೆಂದು ಗಾವಾನನು ಹೇಳಿದ ಮಾತು ವ್ಯರ್ಥವಾಯಿತು. 1481ರ ಏಪ್ರಿಲ್ 5ರಂದು ಅವನ ಶಿರಚ್ಛೇದವಾಯಿತು.

ವಿಜ್ಞಾನದ ಪತ್ರಿಕೆಯಲ್ಲಿ ಈ ಹಳೆಯ ಕಥೆಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ಇಂದು ಕ್ರಿಪ್ಟೊ ನಾಣ್ಯಗಳ ಲೋಕದಲ್ಲಿ ನಡೆಯುತ್ತಿರುವ ಕಳವುಗಳಲ್ಲಿ ಬಹುಪಾಲು ಇದೇ ಬಗೆಯವು: ಮುದ್ರೆ ನಿಜವಾದುದು, ಓಲೆ ಸುಳ್ಳು. ಈ ಒಂದು ಸಂಗತಿಯನ್ನು ನಮ್ಮ ತರುಣರು ಚೆನ್ನಾಗಿ ಮನಗಂಡರೆ, ಕಳವಿನಿಂದ ಪಾರಾಗುವ ಬಗೆಯೂ, ಕಳವಾದ ಮೇಲೆ ಮಾಡಬೇಕಾದ ಕಾರ್ಯವೂ, ಸರ್ಕಾರದಿಂದ ಕೇಳಬೇಕಾದ ನ್ಯಾಯವೂ ತಾವಾಗಿಯೇ ಸ್ಪಷ್ಟವಾಗುತ್ತವೆ ಎಂಬುದು ನಮ್ಮ ಅಭಿಪ್ರಾಯ.

ಬೀದರದ ಚಿದ್ರಿಯಲ್ಲಿ ವಾಸಿಸುವ ಕಾಲೇಜು ವಿದ್ಯಾರ್ಥಿಯೊಬ್ಬನನ್ನು ಊಹಿಸಿಕೊಳ್ಳೋಣ. ಶಿಷ್ಯವೇತನದಲ್ಲಿ ಉಳಿಸಿದ ಹಣವನ್ನೂ, ಅಕ್ಕನಿಂದ ಕೈಗಡವಾಗಿ ಪಡೆದ ಹಣವನ್ನೂ ಸೇರಿಸಿ ಅವನು ಒಂದು ವಿನಿಮಯ ಸಂಸ್ಥೆಯಲ್ಲಿ ಖಾತೆ ತೆರೆದು ಅಲ್ಪಸ್ವಲ್ಪ ನಾಣ್ಯ ಕೊಂಡಿದ್ದಾನೆ. ಒಂದು ಬೆಳಿಗ್ಗೆ ಎದ್ದು ಮೊಬೈಲ್ ತೆರೆದರೆ ಖಾತೆಯಲ್ಲಿ ಶೂನ್ಯ. ಮನೆಯ ಬಾಗಿಲು ಮುರಿದಿಲ್ಲ, ನಾಯಿ ಬೊಗಳಿಲ್ಲ. 2025ರ ಜನವರಿ 16ರಂದು ಬೀದರ ನಗರದಲ್ಲಿ ಎ.ಟಿ.ಎಂ.ಗೆ ತುಂಬಲು ಒಯ್ಯುತ್ತಿದ್ದ ಹಣವನ್ನು ಹಾಡಹಗಲೇ ಗುಂಡು ಹಾರಿಸಿ ದೋಚಿದಾಗ ಇಡೀ ಊರು ನಡುಗಿತು. ಕಳ್ಳರ ಬೆನ್ನಟ್ಟಲು ಪೊಲೀಸರು ಹೊರಟರು. ಆದರೆ ಈ ತರುಣನ ಕಳವಿಗೆ ಸದ್ದೂ ಇಲ್ಲ, ಸಾಕ್ಷಿಯೂ ಇಲ್ಲವೆಂದು ತೋರುತ್ತದೆ. ನೆರೆಹೊರೆಯವರು ಅವನ ಆಸೆಬುರುಕತನವನ್ನು ಆಡಿಕೊಳ್ಳುತ್ತಾರೆಂಬ ಹೆದರಿಕೆಯಿಂದ ಅವನು ಅಕ್ಕನಿಗೂ ಹೇಳದೆ ಸುಮ್ಮನಾಗುತ್ತಾನೆ. ಕಳ್ಳನಿಗೆ ಬೇಕಾದದ್ದು ಈ ಮೌನವೇ.

ಕ್ರಿಪ್ಟೊ ನಾಣ್ಯವೆಂಬುದು ಲೋಹದ ತುಂಡಲ್ಲ, ಕಾಗದದ ನೋಟೂ ಅಲ್ಲ. ಅದು ಲೆಕ್ಕದ ಪುಸ್ತಕದಲ್ಲಿರುವ ಒಂದು ನಮೂದು. 2009ರ ಜನವರಿ 3ರಂದು ಆರಂಭವಾದ ಬಿಟ್‌ಕಾಯಿನ್ನಿನ ಲೆಕ್ಕದ ಪುಸ್ತಕವು ಜಗತ್ತಿನ ಸಾವಿರಾರು ಗಣಕಯಂತ್ರಗಳಲ್ಲಿ ಪ್ರತಿಗಳಾಗಿ ಹರಡಿದೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಹೊಸ ವಹಿವಾಟುಗಳ ಒಂದು ಪುಟ ಅದಕ್ಕೆ ಸೇರುತ್ತದೆ. ಪ್ರತಿಯೊಂದು ಪುಟದಲ್ಲಿಯೂ ಹಿಂದಿನ ಪುಟದ ಗಣಿತಮುದ್ರೆ ಇರುವುದರಿಂದ, ಹಳೆಯ ಪುಟದಲ್ಲಿ ಒಂದಕ್ಷರ ತಿದ್ದಿದರೂ ಮುಂದಿನ ಪುಟಗಳೆಲ್ಲ ತಾಳೆಗೆಡುತ್ತವೆ. ಇದಕ್ಕೇ ಬ್ಲಾಕ್‌ಚೈನ್ ಎಂದು ಹೆಸರು. ನಾಣ್ಯವನ್ನು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸಬೇಕಾದರೆ ಅದರ ಒಡೆಯನ ಖಾಸಗಿ ಕೀಲಿಯಿಂದ ಸಹಿ ಬೀಳಬೇಕು. ಈ ಕೀಲಿಯು 256 ಬಿಟ್ಟುಗಳ ಒಂದು ಸಂಖ್ಯೆ. ಅಂತಹ ಸಂಖ್ಯೆಗಳು ಎಷ್ಟಿವೆಯೆಂಬುದನ್ನು ಬರೆಯಲು 78 ಅಂಕೆಗಳು ಬೇಕು. ಇಂದಿನ ಗಣಕಯಂತ್ರಗಳನ್ನೆಲ್ಲ ಒಟ್ಟುಗೂಡಿಸಿ ದುಡಿಸಿದರೂ ಊಹೆಯಿಂದ ಅದನ್ನು ಕಂಡುಹಿಡಿಯುವುದು ಅಸಾಧ್ಯ.

ಹಾಗಾದರೆ ಕಳ್ಳನು ಒಳಗೆ ಬಂದುದು ಹೇಗೆ? ಅವನು ಗಣಿತವನ್ನು ಮುರಿಯಲಿಲ್ಲ. ಮುದ್ರೆ ಕಾಯುವವನನ್ನು ವಂಚಿಸಿದನು.

ವಿನಿಮಯ ಸಂಸ್ಥೆಯಲ್ಲಿ ಖಾತೆ ಇರುವವನ ಕೈಯಲ್ಲಿ ನಾಣ್ಯದ ಖಾಸಗಿ ಕೀಲಿ ಇರುವುದಿಲ್ಲವೆಂಬುದನ್ನು ಮೊದಲು ತಿಳಿಯಬೇಕು. ಕೀಲಿ ಇರುವುದು ಸಂಸ್ಥೆಯ ಕೈಯಲ್ಲಿ. ಗ್ರಾಹಕನಿಗೆ ಇರುವುದು ಸಂಸ್ಥೆಯ ಲೆಕ್ಕದಲ್ಲಿ ಒಂದು ಬಾಕಿ, ಮತ್ತು ಅದನ್ನು ತೆರೆಯುವ ಒಂದು ಗುಪ್ತಪದ. ಈ ಭೇದವು ಅನುಭವಿಗಳ ಕಣ್ಣಿಗೂ ಒಮ್ಮೊಮ್ಮೆ ತಪ್ಪುತ್ತದೆ. 2021ರ ಜನವರಿಯಲ್ಲಿ ಬೆಂಗಳೂರಿನ ಪೊಲೀಸರು ಒಬ್ಬ ಆರೋಪಿಯಿಂದ 31 ಬಿಟ್‌ಕಾಯಿನ್ ವಶಪಡಿಸಿಕೊಂಡೆವೆಂದು ಪ್ರಕಟಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಅವರೇ ಕೊಟ್ಟ ವಿವರಣೆಯಂತೆ, ಆರೋಪಿಯು ತನ್ನದೆಂದು ತೋರಿಸಿದ್ದ ಖಾತೆ ವಾಸ್ತವದಲ್ಲಿ ಒಂದು ವಿನಿಮಯ ಸಂಸ್ಥೆಯದಾಗಿತ್ತು. ಅದರ ಖಾಸಗಿ ಕೀಲಿ ಅವನಲ್ಲಿ ಇರಲೇ ಇಲ್ಲ. ಪರದೆಯ ಮೇಲೆ ಕಾಣುವುದೆಲ್ಲ ಕೈವಶವಾದುದಲ್ಲ.

ಆದುದರಿಂದ ಕಳವಿನಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಗ್ರಾಹಕನ ಗುಪ್ತಪದವೇ ಅಪಹೃತವಾಗುತ್ತದೆ. ಸಂಸ್ಥೆಯ ಪುಟವನ್ನೇ ಹೋಲುವ ನಕಲಿ ಪುಟವನ್ನು ಕಳ್ಳನು ರಚಿಸಿ, ಅದರ ಕೊಂಡಿಯನ್ನು ಸಂದೇಶದಲ್ಲಿ ಕಳುಹಿಸುತ್ತಾನೆ. ತರುಣನು ಅಲ್ಲಿ ಗುಪ್ತಪದವನ್ನೂ, ಮೊಬೈಲಿಗೆ ಬಂದ ಓ.ಟಿ.ಪಿ.ಯನ್ನೂ ಬರೆಯುತ್ತಾನೆ, ಅದೇ ಕ್ಷಣದಲ್ಲಿ ಕಳ್ಳನು ಅವನ್ನು ನಿಜವಾದ ಪುಟದಲ್ಲಿ ತುಂಬುತ್ತಾನೆ. ಸಾಮಾನ್ಯವಾಗಿ ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಅಂಕೆಗಳನ್ನು ಕೊಡುವ ಆ್ಯಪ್‌ಗಳೂ ಈ ಮೋಸದ ಮುಂದೆ ದುರ್ಬಲವೇ, ಏಕೆಂದರೆ ಕಳ್ಳನಿಗೆ ಆ ಮೂವತ್ತು ಸೆಕೆಂಡು ಸಾಕು. ಪಾಸ್‌ಕೀ ಎಂಬ ಹೊಸ ಕ್ರಮ ಇದಕ್ಕಿಂತ ಮೇಲು. ಅದರಲ್ಲಿ ಸಹಿಯು ನಿಜವಾದ ಪುಟದ ವಿಳಾಸಕ್ಕೆ ಗಂಟುಬಿದ್ದಿರುವುದರಿಂದ, ಮನುಷ್ಯನು ಮೋಸಹೋದರೂ ಯಂತ್ರವು ನಕಲಿ ಪುಟಕ್ಕೆ ಸಹಿ ಹಾಕುವುದಿಲ್ಲ.

ಎರಡನೆಯ ಬಗೆಯಲ್ಲಿ ಸಂಸ್ಥೆಯ ಭಂಡಾರಕ್ಕೇ ಕನ್ನ ಬೀಳುತ್ತದೆ. 2024ರ ಜುಲೈ 18ರಂದು ವಜೀರ್‌ಎಕ್ಸ್ ಸಂಸ್ಥೆಯಿಂದ 23 ಕೋಟಿ ಡಾಲರಿಗೂ ಮಿಕ್ಕಿದ ನಾಣ್ಯ ಕಳವಾಯಿತು. ಆ ಭಂಡಾರವನ್ನು ತೆರೆಯಲು ಹಲವರ ಸಹಿ ಬೇಕಾಗಿತ್ತು. ಪರದೆಯ ಮೇಲೆ ತೋರಿದ ವಹಿವಾಟು ಒಂದು, ಸಹಿ ಬಿದ್ದ ವಹಿವಾಟು ಇನ್ನೊಂದು ಎಂದು ಸಂಸ್ಥೆಯೇ ಹೇಳಿತು. ಗಾವಾನನ ಮುದ್ರೆಯ ಕಥೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ? ಗ್ರಾಹಕರು ತಮ್ಮ ಸ್ವಂತ ತಪ್ಪೇನೂ ಇಲ್ಲದೆ ಹದಿನೈದು ತಿಂಗಳು ಕಾದರು; ವಹಿವಾಟು ಪುನಃ ಆರಂಭವಾದುದು 2025ರ ಅಕ್ಟೋಬರಿನಲ್ಲಿ, ಅದೂ ಸಿಂಗಪುರದ ನ್ಯಾಯಾಲಯವು ಒಪ್ಪಿದ ಯೋಜನೆಯಂತೆ. 2025ರ ಜುಲೈಯಲ್ಲಿ ಕಾಯಿನ್‌ಡಿಸಿಎಕ್ಸ್ ಸಂಸ್ಥೆಯಿಂದ ಸುಮಾರು 4 ಕೋಟಿ 40 ಲಕ್ಷ ಡಾಲರ್ ಕಳವಾದಾಗ, ಆ ಸಂಸ್ಥೆಯು ನಷ್ಟವನ್ನು ತನ್ನ ನಿಧಿಯಿಂದಲೇ ತುಂಬಿಕೊಂಡಿತು. ಒಂದು ಕಡೆ ಹಾಗೆ, ಇನ್ನೊಂದು ಕಡೆ ಹೀಗೆ: ಗ್ರಾಹಕನ ಗತಿಯು ಕಾನೂನನ್ನಲ್ಲ, ಅದೃಷ್ಟವನ್ನು ಅವಲಂಬಿಸಿತು.

ಕಳವಾದ ಮೇಲೆ ಮಾಡಬೇಕಾದುದೇನು? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆಯನ್ನು ಹೇಳಿ ಕೈಕಟ್ಟಿ ಕೂರುವುದು ಇಲ್ಲಿ ತಪ್ಪು. ದಿಡ್ಡಿ ಬಾಗಿಲನ್ನು ಒಡನೆಯೇ ಹಾಕಬೇಕು. ನಂಬಿಕೆಯ ಬೇರೊಂದು ಯಂತ್ರದಿಂದ ಮೊದಲು ಇಮೇಲಿನ ಗುಪ್ತಪದವನ್ನೂ, ಬಳಿಕ ಖಾತೆಯ ಗುಪ್ತಪದವನ್ನೂ ಬದಲಿಸಬೇಕು. ಇಮೇಲ್ ಕಳ್ಳನ ಕೈಯಲ್ಲಿದ್ದರೆ ಉಳಿದುದೆಲ್ಲವೂ ಅವನದೇ. ತೆರೆದಿರುವ ಇತರ ಲಾಗಿನ್‌ಗಳನ್ನೆಲ್ಲ ಮುಚ್ಚಿಸಿ, ಖಾತೆಯನ್ನು ಸ್ತಂಭನಗೊಳಿಸುವಂತೆ ಸಂಸ್ಥೆಗೆ ಬರೆಯಬೇಕು. ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಬೇಕು. ರೂಪಾಯಿ ರೂಪದಲ್ಲಿ ಹಣ ಹೋಗಿದ್ದರೆ ಬ್ಯಾಂಕಿಗೂ ತಿಳಿಸಬೇಕು. ಲಿಖಿತ ದೂರನ್ನು ಜಿಲ್ಲೆಯ ಸೈಬರ್ ಅಪರಾಧ ಪೊಲೀಸ್ ಠಾಣೆಗೆ ಕೊಡಬೇಕು. ಸಂದೇಶಗಳನ್ನು ನಾಚಿಕೆಯಿಂದ ಅಳಿಸಿಹಾಕಬಾರದು, ಅವೇ ಸಾಕ್ಷ್ಯ.

ಎಲ್ಲಕ್ಕಿಂತ ಮುಖ್ಯವಾದುದು ವಹಿವಾಟಿನ ಗುರುತು ಸಂಖ್ಯೆ. ಬಿಟ್‌ಕಾಯಿನ್ನಿನಲ್ಲಿ ಇದು 64 ಚಿಹ್ನೆಗಳ ಒಂದು ಸಾಲು. ಸಾಕ್ಷಿಯಿಲ್ಲದ ಕಳವೆಂದು ಮೊದಲು ತೋರಿತಲ್ಲವೇ? ಅದು ಭ್ರಮೆ. ತಿದ್ದಲಾಗದ ಲೆಕ್ಕದ ಪುಸ್ತಕವೇ ಸಾಕ್ಷಿ. ನಾಣ್ಯವು ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಹೋಯಿತೆಂಬುದು ಅಲ್ಲಿ ಎಂದೆಂದಿಗೂ ಉಳಿದಿರುತ್ತದೆ. ಕಳ್ಳನು ಅದನ್ನು ರೂಪಾಯಿಯಾಗಿಯೋ ಡಾಲರಾಗಿಯೋ ಮಾಡಲು ಯಾವುದಾದರೂ ಸಂಸ್ಥೆಯ ಬಾಗಿಲಿಗೆ ಬಂದಾಗ ಸಿಕ್ಕಿಬೀಳುವ ಸಂಭವವಿದೆ. 2016ರ ಆಗಸ್ಟಿನಲ್ಲಿ ಬಿಟ್‌ಫಿನೆಕ್ಸ್ ಸಂಸ್ಥೆಯಿಂದ ಕಳವಾದ 1,19,756 ಬಿಟ್‌ಕಾಯಿನ್‌ಗಳಲ್ಲಿ 94,000ಕ್ಕೂ ಮಿಕ್ಕವು ಸುಮಾರು ಐದೂವರೆ ವರ್ಷಗಳಾದ ಮೇಲೆ, 2022ರಲ್ಲಿ, ಅಮೆರಿಕದ ಅಧಿಕಾರಿಗಳ ಕೈಸೇರಿದವು. ನಮ್ಮಲ್ಲಿಯೂ ತುಮಕೂರಿನಲ್ಲಿ ದೂರು ದಾಖಲಾದ, ಯುನೋಕಾಯಿನ್ ಸಂಸ್ಥೆಯ 60.6 ಬಿಟ್‌ಕಾಯಿನ್ 2017ರಲ್ಲಿ ಕಳವಾದ ಪ್ರಕರಣವನ್ನು ರಾಜ್ಯ ಸರ್ಕಾರದ ವಿಶೇಷ ತನಿಖಾ ದಳವು ಕೈಗೆತ್ತಿಕೊಂಡು 2024ರಲ್ಲಿ ಬಂಧನಗಳನ್ನು ಮಾಡಿತು. ಕಾಲ ದೀರ್ಘವಾಯಿತೆಂಬುದು ನಿಜ. ಆದರೆ ಜಾಡು ಅಳಿಯಲಿಲ್ಲ. ಎಲ್ಲರಿಗೂ ನಾಣ್ಯ ಮರಳುತ್ತದೆಂದು ಭರವಸೆ ಕೊಡುವುದು ಅಪ್ರಾಮಾಣಿಕವಾದೀತು. ಶುಲ್ಕ ಕೊಟ್ಟರೆ ಕಳೆದುದನ್ನು ತಂದುಕೊಡುತ್ತೇವೆಂದು ಮುಂದೆ ಬರುವವರಂತೂ ಹೆಚ್ಚಾಗಿ ಎರಡನೆಯ ಕಳ್ಳರೇ ಆಗಿರುತ್ತಾರೆ.

ಇನ್ನು ನಮ್ಮ ಮುಖ್ಯ ವಾದಕ್ಕೆ ಬರೋಣ. ಬ್ಯಾಂಕಿನಲ್ಲಿ ಹಣವಿಟ್ಟವನಿಗೆ ಬ್ಯಾಂಕು ಮುಳುಗಿದರೆ 5 ಲಕ್ಷ ರೂಪಾಯಿಯವರೆಗೆ ಠೇವಣಿ ವಿಮೆಯ ರಕ್ಷಣೆಯಿದೆ. ಬ್ಯಾಂಕಿನದಾಗಲಿ ಗ್ರಾಹಕನದಾಗಲಿ ತಪ್ಪಿಲ್ಲದೆ ಹೊರಗಿನವರಿಂದ ಆದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊಣೆಯಿಲ್ಲವೆಂದು ರಿಜರ್ವ್ ಬ್ಯಾಂಕು 2017ರಲ್ಲಿಯೇ ವಿಧಿಸಿತು. ಕ್ರಿಪ್ಟೊ ನಾಣ್ಯದ ಗ್ರಾಹಕನಿಗೆ ಇವೆರಡರಲ್ಲಿ ಒಂದೂ ಇಲ್ಲ. ಆದರೆ 2022ರ ಏಪ್ರಿಲ್ 1ರಿಂದ ಅವನ ಲಾಭದ ಮೇಲೆ ನೂರಕ್ಕೆ ಮೂವತ್ತರಂತೆ ತೆರಿಗೆಯಿದೆ. ಒಂದು ನಾಣ್ಯದಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲೂ ಅವಕಾಶವಿಲ್ಲ. ಸೇತುವೆ ಕಟ್ಟುವ ಮೊದಲೇ ಸುಂಕದ ಕಟ್ಟೆ ಕಟ್ಟಿದಂತಾಯಿತು.

ಇಂತಹ ರಕ್ಷಣೆ ಕೊಟ್ಟರೆ ಜೂಜಿಗೆ ಪ್ರೋತ್ಸಾಹ ಸಿಕ್ಕೀತೆಂದು ಕೆಲವರು ವಾದಿಸುತ್ತಾರೆ. ಈ ವಾದದಲ್ಲಿ ಹುರುಳಿಲ್ಲದಿಲ್ಲ. ವಿದ್ಯಾರ್ಥಿಗಳು ಈ ನಾಣ್ಯಗಳನ್ನು ಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಸಾಲದ ಹಣದಿಂದಂತೂ ಕೊಳ್ಳಲೇಬಾರದು. ಬೆಲೆ ಇಳಿದು ಆದ ನಷ್ಟವನ್ನು ಯಾರೂ ತುಂಬಿಕೊಡಬೇಕಾಗಿಲ್ಲ. ಆದರೆ ಬೆಲೆಯ ಇಳಿತ ಬೇರೆ, ಭಂಡಾರದ ಕಳವು ಬೇರೆ. ಇನ್ನೊಬ್ಬರ ಮುದ್ರೆಯನ್ನು ಕಾಯುವ ಕೆಲಸಕ್ಕೆ ಸಂಬಳ ಪಡೆಯುವವನು ಅದನ್ನು ಕಾಯಲೇಬೇಕು, ಕಾಯದಿದ್ದರೆ ತೆರಬೇಕು. ಗ್ರಾಹಕರ ನಾಣ್ಯವನ್ನು ತನ್ನ ನಾಣ್ಯದಿಂದ ಬೇರೆಯಾಗಿಡುವುದು, ಕಳವಿಗೆಂದು ಮೀಸಲು ನಿಧಿ ಇಡುವುದು, ಸ್ವತಂತ್ರ ಪರಿಶೋಧನೆಗೆ ಒಳಪಡುವುದು, ದೂರಿಗೆ ನಿಗದಿಯಾದ ಅವಧಿಯಲ್ಲಿ ಉತ್ತರ ಕೊಡುವುದು: ಇವು ನಾಲ್ಕೂ ಪ್ರತಿಯೊಂದು ವಿನಿಮಯ ಸಂಸ್ಥೆಗೂ ಕಾನೂನಿನ ಕಟ್ಟಳೆಯಾಗಬೇಕು.

ಶಾಲೆಗಳ ಹೊಣೆಯೂ ಕಡಿಮೆಯಲ್ಲ. ಅವಿಭಾಜ್ಯ ಸಂಖ್ಯೆಗಳನ್ನೂ ಶೇಷಗಣಿತವನ್ನೂ ಕಲಿಸುವ ಅಧ್ಯಾಪಕರು, ಗೂಢಲಿಪಿ ಶಾಸ್ತ್ರದಲ್ಲಿ ಅವುಗಳ ಉಪಯೋಗವೇನೆಂಬುದನ್ನು ಒಂದು ಗಂಟೆಯಲ್ಲಿ ತೋರಿಸಿಕೊಡಬಹುದು. ಕೀಲಿಯೆಂದರೆ ಏನು, ಸಹಿಯೆಂದರೆ ಏನು, ಓದದೆ ಸಹಿ ಹಾಕಿದರೆ ಆಗುವುದೇನು ಎಂಬುದನ್ನು ಬಲ್ಲ ವಿದ್ಯಾರ್ಥಿಯು ನಾಣ್ಯ ಕೊಳ್ಳದಿದ್ದರೂ ಬ್ಯಾಂಕಿನ ವ್ಯವಹಾರದಲ್ಲಿ ಮೋಸಹೋಗಲಾರನು.

ಗಾವಾನನ ಮಾತನ್ನು ಸುಲ್ತಾನನು ಕೇಳಲಿಲ್ಲ. ಮುದ್ರೆ ಬಿದ್ದಿದೆ, ಆದುದರಿಂದ ತಪ್ಪು ನಿನ್ನದೇ ಎಂದು ಬಿಟ್ಟನು. ಐನೂರು ವರ್ಷಗಳು ಕಳೆದ ಮೇಲೂ, ಗುಪ್ತಪದ ನಿನ್ನದು, ಆದುದರಿಂದ ನಷ್ಟವೂ ನಿನ್ನದೇ ಎಂದು ನಾವು ಚಿದ್ರಿಯ ತರುಣನಿಗೆ ಹೇಳುವುದಾದರೆ, ಗಣಿತವು ಮುಂದುವರಿದಿದೆ, ನ್ಯಾಯವು ನಿಂತಲ್ಲಿಯೇ ನಿಂತಿದೆ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಆ ತರುಣನು ಇಂದೇ ಅಕ್ಕನಿಗೆ ನಡೆದುದನ್ನು ಹೇಳಲಿ. ಅವಳನ್ನೂ ಕರೆದುಕೊಂಡು ಠಾಣೆಗೆ ಹೋಗಲಿ. ಓಲೆ ಯಾರು ಬರೆದರೆಂದು ವಿಚಾರಿಸುವುದು ಉಳಿದವರ ಕರ್ತವ್ಯ.