ಮಟ್ಟ ಮೊದಲೇ ಗೊತ್ತಿರಲಿ
ಪುಣೆಯ ಖರಾಡಿಯ ಅಂಚಿನಲ್ಲಿ ಮುಳಾ-ಮುಠಾ ನದಿ ಹರಿಯುತ್ತದೆ. ಅದರಲ್ಲಿ ಕೂಡಿಕೊಂಡಿರುವ ಮುಠಾ ನದಿಯ ಮೇಲ್ಭಾಗದ ಖಡಕ್‌ವಾಸ್ಲಾ ಜಲಾಶಯಕ್ಕೆ, ಪುಣೆಯಲ್ಲೇ ಎಂಜಿನಿಯರಿಂಗ್ ಓದಿದ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಅಳವಡಿಸಲಾಯಿತು. ನೀರು ಗೊತ್ತುಪಡಿಸಿದ ಮಟ್ಟ ಮೀರಿದರೆ ಗೇಟು ತಾನೇ ತೆರೆದುಕೊಳ್ಳುತ್ತಿತ್ತು, ಇಳಿದರೆ ಮುಚ್ಚಿಕೊಳ್ಳುತ್ತಿತ್ತು. ನಡುರಾತ್ರಿ ಪ್ರವಾಹ ಬಂದಾಗ ಏನು ಮಾಡಲಿ ಎಂದು ಯಾರೂ ಯೋಚಿಸುತ್ತ ನಿಲ್ಲಬೇಕಿರಲಿಲ್ಲ. ಖರಾಡಿಯ ಐಟಿ ಪಾರ್ಕುಗಳಿಗೆ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಕಡೆಯಿಂದ ಬಂದು ದುಡಿಯುವ ಹುಡುಗ ಹುಡುಗಿಯರಿಗೆ ನಾನು ಹೇಳಬಯಸುವುದು ಇದನ್ನೇ: ನಿಮ್ಮ ಮಟ್ಟವನ್ನೂ ಮೊದಲೇ ಗೊತ್ತುಪಡಿಸಿಕೊಳ್ಳಿ. ಫ್ಲ್ಯಾಟಿನ ಕಂತು ಸಂಬಳದ ಎಷ್ಟು ಪಾಲು ಮೀರಬಾರದು, ರಾತ್ರಿ ಎಷ್ಟು ಗಂಟೆಯ ಮೇಲೆ ಆಫೀಸಿನ ಮೇಲ್‌ಗೆ ಉತ್ತರಿಸುವುದಿಲ್ಲ, ಕೆಲಸ ಬದಲಿಸಬೇಕಾದರೆ ಹೆಚ್ಚಿನ ಸಂಬಳದ ಜೊತೆ ಇನ್ನೇನು ಸಿಗಬೇಕು, ಇವನ್ನೆಲ್ಲ ಮನಸ್ಸು ತಿಳಿಯಾಗಿರುವ ಒಂದು ಭಾನುವಾರ ಬೆಳಿಗ್ಗೆ ಬರೆದಿಡಿ. ಮಾದರಿ ಫ್ಲ್ಯಾಟ್ ತೋರಿಸಿ, ‘ಇವತ್ತೇ ಬುಕ್ ಮಾಡಿದರೆ ಮಾತ್ರ ಈ ರೇಟು’ ಎನ್ನುವವರ ಎದುರು ಕೂತು ಲೆಕ್ಕ ಹಾಕುವುದು ಬಲು ಕಷ್ಟ. ನಿಮಗೆ ಯೋಚಿಸಲು ಹೊತ್ತು ಸಿಗದಿರಲಿ ಎಂದೇ ಆ ಮಾತು ಹುಟ್ಟಿರುತ್ತದೆ. ಬರೆದಿಟ್ಟದ್ದನ್ನು ಬದಲಿಸಲೇಬೇಕು ಅನ್ನಿಸಿದರೆ ಧಾರಾಳವಾಗಿ ಬದಲಿಸಿ. ಆದರೆ ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಊರಿಗೆ ಫೋನ್ ಹಚ್ಚಿ ಮನೆಯವರ ಹತ್ತಿರ ಮಾತಾಡಿದ ಮೇಲೆ.