ಬಿಸಿಲಿನ ಹಕ್ಕನ್ನು ಕಾಯುವವರಾರು?

ನಮ್ಮ ಬಿನ್ನಿಪೇಟೆಯ ತಾರಸಿಗಳ ಮೇಲೆ ಸೌರ ಜಲತಾಪಕಗಳು ಹೊಸತೇನಲ್ಲ. ನಿಗದಿತ ಅಳತೆ ಮೀರಿದ ಹೊಸ ಮನೆಗಳಿಗೆ ರಾಜ್ಯ ಸರ್ಕಾರ 2007ರಲ್ಲೇ ಅವನ್ನು ಕಡ್ಡಾಯಗೊಳಿಸಿತು. 2024ರಲ್ಲಿ ಕೇಂದ್ರವು ಚಾವಣಿಯ ವಿದ್ಯುತ್ ಫಲಕಗಳಿಗೆ 78,000 ರೂಪಾಯಿವರೆಗೆ ಸಹಾಯಧನ ಪ್ರಕಟಿಸಿತು. ಆದರೆ ಬಿಸಿಲು ಉಳಿದೀತೆಂಬ ಭರವಸೆಯನ್ನು ಯಾರೂ ಕೊಟ್ಟಿಲ್ಲ.

ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣ ಮಗ್ಗುಲಿನ ಮನೆ ನಮ್ಮ ತಾರಸಿಗಿಂತ 20 ಅಡಿ ಮೇಲೆದ್ದರೆ, ನಡುಹಗಲಲ್ಲೂ ಅದರ ನೆರಳು ಸುಮಾರು 15 ಅಡಿ ಚಾಚುತ್ತದೆ. 20-30 ಅಡಿಯ ನಿವೇಶನದಲ್ಲಿ ಅದು ಕನಿಷ್ಠ ಅರ್ಧ ತಾರಸಿ. ಬಿಸಿನೀರು ಹೆಚ್ಚು ಬೇಕಾಗುವುದೂ ಆ ಚಳಿಯಲ್ಲೇ.

1882ರ ಈಸ್‌ಮೆಂಟ್ ಕಾಯ್ದೆಯು ಕಟ್ಟಡವೊಂದು 20 ವರ್ಷ ನಿರಾತಂಕವಾಗಿ ಪಡೆದ ಬೆಳಕನ್ನು ಹಕ್ಕೆಂದು ಮನ್ನಿಸುತ್ತದೆ. ನಿನ್ನೆ ಕೂರಿಸಿದ ಫಲಕ ಅಷ್ಟು ಕಾಲ ಕಾಯಬೇಕೆ?

ಮಹಡಿ ಏರಿಸುವುದನ್ನು ನಾನು ಆಕ್ಷೇಪಿಸುತ್ತಿಲ್ಲ. ಬಾಡಿಗೆಯನ್ನೇ ನಂಬಿದ ಕುಟುಂಬಗಳು ಇಲ್ಲಿವೆ. ನಕ್ಷೆ ಮಂಜೂರು ಮಾಡುವ ಮುನ್ನ ಉತ್ತರದ ಮನೆಯ ಮೇಲೆ ಬೀಳುವ ನೆರಳನ್ನೂ ಪಾಲಿಕೆ ಅಳೆಯಲಿ. ಅಗತ್ಯವಿದ್ದರೆ ಮೇಲಂತಸ್ತನ್ನು ಕೆಲವು ಅಡಿ ಹಿಂದೆ ಸರಿಸಲು ಹೇಳಲಿ. ಅದು ಸಾಧ್ಯವಾಗದಿದ್ದರೆ ನೆರೆಮನೆಯ ಫಲಕವನ್ನು ಎತ್ತರಿಸುವ ವೆಚ್ಚವನ್ನು ಕಟ್ಟುವವರೇ ಭರಿಸಲಿ. ಫಲಕವನ್ನು ಕಡ್ಡಾಯ ಮಾಡಿದವರಿಗೆ ಬಿಸಿಲನ್ನು ಕಾಯುವ ಹೊಣೆಯೂ ಉಂಟು.